ಕಲ್ಲಂಗಡಿ ತಟ್ಟೋದು ಆಮೇಲೆ, ಮೊದ್ಲು ಮಗುಚಿ ನೋಡಿ

ಹೋದ ವರ್ಷ ಶಿವರಾತ್ರಿ ಮುಗಿದು ಒಂದು ವಾರ ಆಗಿರ್ಬೇಕು, ಬಿಸಿಲು ಆಗ್ಲೇ ಚುರುಗುಟ್ತಿತ್ತು, ಭಾನುವಾರ ಮನೆಗೆ ನೆಂಟರು ಬರೋರಿದ್ರು. ರಿಂಗ್ ರೋಡ್ ಪಕ್ಕ ಟಾರ್ಪಾಲ್ ಕಟ್ಟಿ ಹುಲ್ಲು ಹಾಸಿ ಗುಡ್ಡೆ ಹಾಕಿರ್ತಾರಲ್ಲ, ಅಲ್ಲಿ ಗಾಡಿ ನಿಲ್ಸಿ ಒಂದು ಕಲ್ಲಂಗಡಿ ತಂದೆ. ಸುಮ್ನೆ ಕೈಗೆ ಸಿಕ್ಕಿದ್ದು ತಂದಿದ್ದಲ್ಲ ಮತ್ತೆ, ಹತ್ತು ಹಣ್ಣು ಎತ್ತಿ, ಕಿವಿ ಹತ್ರ ಇಟ್ಕೊಂಡು, ಮೃದಂಗ ಶ್ರುತಿ ಮಾಡೋ ವಿದ್ವಾಂಸರ ಥರ ಕಣ್ಣು ಮುಚ್ಚಿ ತಟ್ಟಿ ತಟ್ಟಿ, ಪಕ್ಕದಲ್ಲಿ ನಿಂತಿದ್ದ ಒಬ್ರು ಆಂಟಿ "ನಂಗೂ ಒಂದು ನೋಡಿ ಕೊಡಪ್ಪ" ಅಂದಾಗ ಅವರಿಗೂ ಒಂದು ಆರಿಸಿ ಕೊಟ್ಟು ಬಂದೆ. ಏಳು ಕೆಜಿ ಚಿಲ್ರೆ ತೂಕ. ಮನೇಲಿ ಎಲ್ರೂ ಸುತ್ತ ಕೂತಿರುವಾಗ ಚಾಕು ಹಾಕ್ದೆ. ಒಳಗಡೆ ಕೆಂಪು ಅನ್ನೋಕೂ ಆಗಲ್ಲ, ಬಿಳಿ ಅನ್ನೋಕೂ ಆಗಲ್ಲ, ರೋಸ್ ಮಿಲ್ಕಿಗೆ ನೀರು ಜಾಸ್ತಿ ಆದಂಗಿರೋ ಬಣ್ಣ, ಬೀಜ ಎಲ್ಲಾ ಬೆಳ್ಳಗೆ. ಒಂದು ನಿಮಿಷ ಯಾರೂ ಮಾತಾಡ್ಲಿಲ್ಲ. ಆಮೇಲೆ ಅಮ್ಮ "ಇರ್ಲಿ ಬಿಡೋ, ಸಾಂಬಾರಿಗಾಗತ್ತೆ" ಅಂದ್ರು. ಮಾರನೇ ದಿನ ನಿಜವಾಗ್ಲೂ ಸಾಂಬಾರು ಮಾಡಿದ್ರು, ಸೋರೆಕಾಯಿ ಸಾಂಬಾರಿಗೂ ಅದಕ್ಕೂ ನಂಗಂತೂ ವ್ಯತ್ಯಾಸ ಗೊತ್ತಾಗ್ಲಿಲ್ಲ. ಈಗ್ಲೂ ತಲೇಲಿ ಕೊರೀತಿರೋದು ಆ ಆಂಟಿ ಮನೇಲಿ ಏನಾಯ್ತೋ ಅನ್ನೋದು.

ರಾತ್ರಿ ಸೋದರಮಾವಂಗೆ ಫೋನ್ ಮಾಡ್ದೆ. ಗುಂಡ್ಲುಪೇಟೆ ಕಡೆ ಎರಡು ಎಕರೆಲಿ ನಾಲ್ಕೈದು ವರ್ಷ ಕಲ್ಲಂಗಡಿ ಹಾಕಿದ್ದೋರು ಅವರು. "ಮಾವ, ತಟ್ಟಿ ನೋಡೇ ತಂದಿದ್ದು, ಹಿಂಗಾಗೋಯ್ತಲ್ಲ" ಅಂದೆ. "ತಟ್ದೆ ಸರಿ ಕಣಪ್ಪ, ಮಗುಚಿ ನೋಡ್ದಾ?" ಅಂದ್ರು. ನಾನು ಮಗುಚಿ ನೋಡಿರ್ಲಿಲ್ಲ. ಆಮೇಲೆ ಅವರು ಹೇಳಿದ್ದು, ನಾನು ಓದಿ ತಿಳ್ಕೊಂಡಿದ್ದು, ಇನ್ನೊಂದಷ್ಟು ದುಡ್ಡು ಕಳ್ಕೊಂಡು ಕಲಿತಿದ್ದು ಎಲ್ಲಾ ಸೇರಿಸಿ ಇಲ್ಲಿ ಬರೀತಿದೀನಿ.

ಮೊದ್ಲು ಒಂದು ವಿಷ್ಯ ಅರ್ಥ ಆಗ್ಬೇಕು, ಇದು ಅರ್ಥ ಆದ್ರೆ ಮಿಕ್ಕಿದ್ದೆಲ್ಲಾ ತಾನಾಗೇ ಅರ್ಥ ಆಗತ್ತೆ. ಬಾಳೆಕಾಯಿ, ಮಾವಿನಕಾಯಿ ತಂದು ಹುಲ್ಲಲ್ಲಿ ಮುಚ್ಚಿಟ್ರೆ ನಾಲ್ಕು ದಿನಕ್ಕೆ ಸಿಹಿ ಆಗತ್ತೆ ಅಲ್ವಾ, ಅದು ಯಾಕೆ ಅಂದ್ರೆ ಅವುಗಳ ಒಳಗೆ ಪಿಷ್ಟ ಕೂಡಿಟ್ಟಿರತ್ತೆ, ಕಿತ್ತ ಮೇಲೂ ಆ ಪಿಷ್ಟ ಒಡೆದು ಸಕ್ಕರೆ ಆಗ್ತಾ ಹೋಗತ್ತೆ. ಎಫ್‌ಡಿ ಇಟ್ಟಿರೋ ಮನೆ ಅದು. ಕಲ್ಲಂಗಡಿ, ಕರಬೂಜ ಎರಡೂ ದಿನಗೂಲಿ ಗಿರಾಕಿಗಳು, ಪಿಷ್ಟದ ಉಳಿತಾಯ ಅಂತ ಏನೂ ಇಲ್ಲ. ಎಲೆ ಬಿಸಿಲಲ್ಲಿ ದಿನಾ ಸಕ್ಕರೆ ತಯಾರಿಸಿ ಬಳ್ಳಿ ಮೂಲಕ ಕಳಿಸ್ತಾ ಇರತ್ತೆ, ಹಣ್ಣಲ್ಲಿ ಸೇರ್ತಾ ಹೋಗತ್ತೆ, ಅದ್ರಲ್ಲೂ ಕೊನೇ ಹತ್ತು ಹನ್ನೆರಡು ದಿನದಲ್ಲಿ ಜೋರಾಗಿ ಸೇರತ್ತೆ. ತೊಟ್ಟು ಕತ್ತರಿಸಿದ ಕ್ಷಣ ಆ ಪೈಪು ಕಟ್. ಆವತ್ತು ಎಷ್ಟು ಸಿಹಿ ಇತ್ತೋ ಅಷ್ಟೇ, ಆಮೇಲೆ ನೀವು ಫ್ರಿಜ್ಜಲ್ಲಿಡಿ, ಅಕ್ಕಿ ಡಬ್ಬದಲ್ಲಿ ಹೂತಿಡಿ, ದೇವರ ಮುಂದೆ ಇಡಿ, ಒಂದು ಚಮಚ ಸಕ್ಕರೆನೂ ಜಾಸ್ತಿ ಆಗಲ್ಲ. ಅಂಗಡಿಯವ್ರು "ಎರಡು ದಿನ ಇಡಿ ಸಾರ್, ಹಣ್ಣಾಗತ್ತೆ" ಅಂದ್ರೆ ನಕ್ಕು ಮುಂದೆ ಹೋಗಿ.

ಇದ್ರಲ್ಲೊಂದು ತಮಾಷೆ ಇದೆ. ಕತ್ತರಿಸದ ಕಲ್ಲಂಗಡಿನ ಮನೇಲಿ ಹೊರಗಡೆ ಒಂದು ವಾರ ಇಟ್ರೆ ಒಳಗಿನ ಕೆಂಪು ಸ್ವಲ್ಪ ಜಾಸ್ತಿ ಆಗೋದುಂಟು. ಲೈಕೋಪೀನ್ ಅನ್ನೋ ಬಣ್ಣದ ವಸ್ತು, ಟೊಮೆಟೊ ಕೆಂಪಗಾಗೋದೂ ಅದ್ರಿಂದಾನೇ, ಅದು ಕಿತ್ತ ಮೇಲೂ ತಯಾರಾಗ್ತಾ ಇರತ್ತೆ. ಬಣ್ಣ ಏರತ್ತೆ, ಸಿಹಿ ಅಲ್ಲೇ ಇರತ್ತೆ. ಅದಕ್ಕೇ ಕೆಲವು ಸಲ ಕೊಯ್ದಾಗ ಕುಂಕುಮದ ಥರ ಕೆಂಪಗಿದ್ದು ಬಾಯಿಗಿಟ್ರೆ ಸಪ್ಪೆ.

ಹಂಗಾದ್ರೆ ಕಾಯಿ ಯಾಕೆ ಮಾರ್ಕೆಟ್ಟಿಗೆ ಬರತ್ತೆ, ರೈತರಿಗೆ ಗೊತ್ತಾಗಲ್ವಾ ಅಂತ ಕೇಳ್ಬೋದು. ಚೆನ್ನಾಗೇ ಗೊತ್ತಾಗತ್ತೆ. ಮಾವನ ಹೊಲದಲ್ಲಿ ನಾನೇ ನೋಡಿದೀನಿ, ಒಂದು ಬಳ್ಳೀಲಿ ಮೊದಲು ಕಚ್ಚಿದ ಕಾಯಿಗೂ ಆಮೇಲೆ ಕಚ್ಚಿದ ಕಾಯಿಗೂ ಹತ್ತು ದಿನ ವ್ಯತ್ಯಾಸ ಇರತ್ತೆ. ಹೂ ಕಟ್ಟಿ ಕಾಯಿ ನಿಂತ ಮೇಲೆ ಹಣ್ಣಾಗೋಕೆ ತಳಿ ನೋಡ್ಕೊಂಡು ಸುಮಾರು 30ರಿಂದ 45 ದಿನ ಬೇಕು. ಆದ್ರೆ ವ್ಯಾಪಾರಿ ಲಾರಿ ತಗೊಂಡು ಬರೋದು ಒಂದು ದಿನ, ಹೆಚ್ಚಂದ್ರೆ ಎರಡು ದಿನ. ಹೊಲ ಪೂರ್ತಿ ಮಾತಾಡ್ಕೊಂಡಿರ್ತಾನೆ, ಕೂಲಿಯವರು ಸಾಲಲ್ಲಿ ಹೋಗ್ತಾ ದಪ್ಪ ಇದ್ದಿದ್ದೆಲ್ಲಾ ಕತ್ತರಿಸ್ತಾ ಹೋಗ್ತಾರೆ, ಲಾರಿ ತುಂಬ್ಬೇಕು ಅಷ್ಟೇ. ಹಬ್ಬದ ಟೈಮಲ್ಲಿ, ರಂಜಾನ್ ಟೈಮಲ್ಲಿ ರೇಟ್ ಏರಿದಾಗ ಇನ್ನೂ ಅವಸರ. ಅದಕ್ಕೇ ಒಂದೇ ಗುಡ್ಡೇಲಿ ಜೇನು ಥರ ಇರೋದೂ ಸಾಂಬಾರಿಗೆ ಹೋಗೋದೂ ಅಕ್ಕಪಕ್ಕ ಮಲಗಿರತ್ತೆ. ಆರಿಸೋದ್ರಲ್ಲಿ ಅರ್ಥ ಇರೋದೇ ಅದಕ್ಕೆ, ಇಲ್ದಿದ್ರೆ ಯಾವುದಾದ್ರೇನು.

ಈಗ ಮಗುಚಿ ನೋಡೋ ವಿಷ್ಯ. ಕಲ್ಲಂಗಡಿ ಬಳ್ಳೀಲಿ ಒಂದೇ ಮಗ್ಗುಲಲ್ಲಿ ನೆಲದ ಮೇಲೆ ಮಲಗಿರತ್ತೆ. ಆ ಜಾಗಕ್ಕೆ ಬಿಸಿಲು ತಾಗಲ್ಲ, ಹಸಿರು ಬರಲ್ಲ, ಒಂದು ಅಂಗೈಯಷ್ಟು ಬಿಳಿ ಮಚ್ಚೆ ಉಳ್ಕೊಳ್ಳತ್ತೆ. ಕಾಯಿ ಎಳೇದಿದ್ದಾಗ ಅದು ಬಿಳಿ ಅಥ್ವಾ ತಿಳಿಹಸಿರು. ಬಲೀತಾ ಬಂದಂಗೆ ಕೆನೆ ಬಣ್ಣ, ಆಮೇಲೆ ಬೆಣ್ಣೆ ಹಳದಿ. ಪೂರ್ತಿ ಹಣ್ಣಾದಾಗ ಹಳೇ ಮನೆ ಗೋಡೆಯ ಸುಣ್ಣ ಹಳದಿ ತಿರುಗಿರತ್ತಲ್ಲ ಆ ಬಣ್ಣ. ನನ್ ಲೆಕ್ಕದಲ್ಲಿ ಅಂಗಡೀಲಿ ನಿಂತು ಮಾಡ್ಬೋದಾದ ಪರೀಕ್ಷೆಗಳಲ್ಲಿ ಇದಕ್ಕೇ ನೂರಕ್ಕೆ ಎಪ್ಪತ್ತು ಮಾರ್ಕು. ಯಾಕೆ ಅಂದ್ರೆ ಇದನ್ನ ಯಾರೂ ಬದಲಾಯಿಸೋಕಾಗಲ್ಲ, ಇದಕ್ಕೆ ಕಿವಿ ಬೇಡ, ಅನುಭವ ಬೇಡ, ಎರಡು ಹಣ್ಣು ಪಕ್ಕಪಕ್ಕ ಮಗುಚಿಟ್ರೆ ಆರು ವರ್ಷದ ಮಗುನೂ ಯಾವುದು ಹಳದಿ ಅಂತ ತೋರಿಸತ್ತೆ. ಮಚ್ಚೆನೇ ಇಲ್ಲ ಅಂದ್ರೆ, ಇಲ್ಲಾ ಬಿಳಿ ಕಾಗದದಂಗಿದ್ರೆ, ವಾಪಸ್ ಇಡಿ.

ಒಂದು ಎಚ್ಚರಿಕೆ. ಈ ಮಚ್ಚೆ ಕಪ್ಪು ಹಸಿರಿನ ಗುಂಡು ಹಣ್ಣಲ್ಲಿ ಎದ್ದು ಕಾಣತ್ತೆ, ಶುಗರ್ ಬೇಬಿ ಅಂತಾರಲ್ಲ ಅದು, ಕಿರಣ್ ಅಂತ ಮಾರೋ ಸಣ್ಣ ಮೊಟ್ಟೆಯಾಕಾರದ್ದು ಕೂಡ. ನಮ್ಮ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವ್ರ ಅರ್ಕಾ ಮಾಣಿಕ್ ಥರದ ತಿಳಿಹಸಿರು ಪಟ್ಟೆ ಹಣ್ಣಲ್ಲಿ ಸ್ವಲ್ಪ ಗಮನ ಇಟ್ಟು ನೋಡ್ಬೇಕು. ಈಗ ಹೊರಗಡೆ ಸಿಪ್ಪೇನೇ ಹಳದಿ ಇರೋ ಕಲ್ಲಂಗಡಿ ಬಂದಿದೆ, ಅದಕ್ಕೆ ಈ ವಿದ್ಯೆ ಅಷ್ಟಾಗಿ ನಡಿಯಲ್ಲ.

ರೈತರು ನೋಡೋದು ಬೇರೆ ಗುರುತು. ಹಣ್ಣಿನ ತೊಟ್ಟು ಬಳ್ಳಿಗೆ ಸೇರೋ ಗಂಟಲ್ಲೇ ಸ್ಪ್ರಿಂಗ್ ಥರ ಸುತ್ಕೊಂಡಿರೋ ಒಂದು ಎಳೆ ಇರತ್ತೆ, ಹಾಗಲ ಬಳ್ಳಿ ಚಪ್ಪರ ಹಿಡ್ಕೊಳ್ಳತ್ತಲ್ಲ ಅದೇ ಥರದ್ದು. ಹಣ್ಣು ಬಲಿತಾಗ ಆ ಎಳೆ ಒಣಗಿ ಕಂದು ಬಣ್ಣಕ್ಕೆ ತಿರುಗತ್ತೆ. ಮಾವ ಬೆಳಗ್ಗೆ ಆರಕ್ಕೆ ಹೊಲಕ್ಕೆ ಹೋಗಿ ಬಗ್ಗಿ ಬಗ್ಗಿ ಇದನ್ನೇ ನೋಡ್ತಿದ್ರು, ಹಸಿರಿದ್ರೆ ಎಲೆ ಮುಚ್ಚಿ ಮುಂದೆ, ಒಣಗಿದ್ರೆ ಬೆರಳಲ್ಲಿ ಒಂದು ಏಟು ತಟ್ಟಿ, ಮಚ್ಚೆ ನೋಡಿ, ಪಕ್ಕದಲ್ಲಿ ಒಂದು ಕಡ್ಡಿ ಚುಚ್ಚಿ ಹೋಗೋರು. ಗಮನಿಸಿ, ತಟ್ಟೋದು ಅವರಿಗೆ ಬರೀ ಖಾತ್ರಿಗೆ, ತೀರ್ಮಾನ ಆಗ್ಲೇ ಆಗಿರ್ತಿತ್ತು. ನಮಗೆ ಅಂಗಡೀಲಿ ಆ ಎಳೆ ಸಿಗಲ್ಲ, ತೊಟ್ಟು ಅಪರೂಪಕ್ಕೆ ಒಂದಿಂಚು ಇರತ್ತೆ. ಇದ್ರೆ ನೋಡಿ: ಹಸಿರಾಗಿ ರಸ ತುಂಬ್ಕೊಂಡಿದ್ರೆ ಬೇಗ ಕತ್ತರಿಸಿದ್ದಾರೆ ಅನ್ನೋ ಅನುಮಾನ, ಒಣಗಿ ಕಂದಾಗಿದ್ರೆ ಒಳ್ಳೇದು. ಆದ್ರೆ ಕಿತ್ತು ಒಂದು ವಾರ ಆದ್ಮೇಲೆ ಎಳೇ ಕಾಯಿ ತೊಟ್ಟೂ ಒಣಗೇ ಒಣಗತ್ತೆ, ಹಂಗಾಗಿ ಇದನ್ನ ಮಾತ್ರ ನಂಬ್ಕೊಂಡು ಕೂರ್ಬೇಡಿ.

ಇನ್ನು ತೂಕ. ಕಲ್ಲಂಗಡೀಲಿ ನೂರಕ್ಕೆ 92 ಭಾಗ ನೀರೇ. ಒಂದೇ ಸೈಜಿನ ಎರಡು ಹಣ್ಣು ಎರಡು ಕೈಲಿ ಹಿಡ್ಕೊಂಡು ಯಾವುದು ಕೈ ಜಗ್ಗತ್ತೋ ಅದನ್ನ ತಗೊಳ್ಳಿ, ಹಗುರ ಇದ್ರೆ ಹಳೇದಾಗಿ ನೀರು ಬತ್ತಿರ್ಬೋದು ಇಲ್ಲಾ ಒಳಗೆ ಬಿರುಕು ಬಿಟ್ಟು ಟೊಳ್ಳಾಗಿರ್ಬೋದು. ಆದ್ರೆ ತೂಕ ಹೇಳೋದು ರಸ ಇದೆ ಅಂತ ಅಷ್ಟೇ, ಸಿಹಿ ಇದೆ ಅಂತ ಅಲ್ಲ. ನನ್ನ ಏಳು ಕೆಜಿ ಸೋರೆಕಾಯಿನೂ ಭಾರವಾಗೇ ಇತ್ತು. ಆಕಾರ ಎಲ್ಲಾ ಕಡೆ ಒಂದೇ ಸಮ ಇರ್ಬೇಕು, ಒಂದ್ಕಡೆ ಸೊಟ್ಟಗೆ ಸೊರಗಿದ್ರೆ ಜೇನುನೊಣ ಆ ಹೂವಿಗೆ ಸರಿಯಾಗಿ ಬಂದಿಲ್ಲ, ಪರಾಗ ಎಲ್ಲಾ ಕಡೆ ಬಿದ್ದಿಲ್ಲ ಅಂತ ಅರ್ಥ. ಹೊಳಪಿನ ಬಗ್ಗೆ ಜನಕ್ಕೆ ಉಲ್ಟಾ ನಂಬಿಕೆ, ಫಳಫಳ ಅಂತಿರೋದನ್ನ ಎತ್ಕೋತಾರೆ. ಬಲಿತ ಹಣ್ಣಿನ ಸಿಪ್ಪೆ ಮಬ್ಬಾಗಿರತ್ತೆ, ಎಳೇದೇ ಹೊಳೆಯೋದು. ಅಂಗಡಿಯವ್ರು ಒದ್ದೆ ಬಟ್ಟೇಲಿ ಒರೆಸಿ ಜೋಡಿಸಿಟ್ಟಿದ್ರೆ ಮಾತ್ರ ಈ ಗುರುತು ಕೈಕೊಡತ್ತೆ.

ಸರಿ, ತಟ್ಟೋದಕ್ಕೆ ಬರೋಣ, ಎಲ್ರಿಗೂ ಇಷ್ಟ ಇರೋದು ಅದೇ. ತಟ್ಟೋದು ಸುಳ್ಳು ವಿದ್ಯೆ ಅಲ್ಲ. ಕಾಯಿದ್ದಾಗ ಒಳಗಿನ ತಿರುಳು ಬಿಗಿ, ಜೀವಕೋಶಗಳ ಗೋಡೆ ಗಟ್ಟಿ, ತಟ್ಟಿದ್ರೆ ಬಿಗಿಯಾಗಿ ಎಳೆದ ತಂತಿ ಥರ ಮೇಲಿನ ಸ್ವರ, ಟಣ್ ಅಂತ ಸ್ವಲ್ಪ ಲೋಹದ ಶಬ್ದ. ಹಣ್ಣಾಗ್ತಾ ಆ ಗೋಡೆಗಳು ಸಡಿಲ ಆಗ್ತವೆ, ತಿರುಳು ಮೆತ್ತಗಾಗತ್ತೆ, ಸ್ವರ ಕೆಳಗಿಳಿಯತ್ತೆ, ಡಬ್ ಅಂತ ತುಂಬಿದ ಕೊಡ ತಟ್ಟಿದಂಗೆ. ಅತೀ ಹಣ್ಣಾದ್ರೆ ಶಬ್ದನೇ ಸತ್ತೋಗತ್ತೆ, ಒದ್ದೆ ಮೂಟೆ ಮೇಲೆ ಗುದ್ದಿದಂಗೆ. ಹಳಬರು ಇದನ್ನ ಮೈಮೇಲೇ ತೋರಿಸ್ಕೊಡ್ತಾರೆ: ಹಣೆ ತಟ್ಕೊಂಡಾಗ ಬರೋ ಶಬ್ದ ಕಾಯಿ, ಎದೆ ತಟ್ಕೊಂಡಾಗ ಬರೋದು ಹಣ್ಣು, ಹೊಟ್ಟೆ ತಟ್ಕೊಂಡಾಗ ಬರೋದು ಕೆಟ್ಟಿದ್ದು. ಅಂಗಡಿ ಮುಂದೆ ನಿಂತು ಹೊಟ್ಟೆ ತಟ್ಕೊಳ್ಳೋದು ಬೇಡ, ಮನೇಲಿ ಒಂದ್ಸಲ ಪ್ರಾಕ್ಟೀಸ್ ಮಾಡಿ ಹೋಗಿ. ಜಪಾನಲ್ಲಿ ಹಿಂಗೆ ತಟ್ಟಿ ಶಬ್ದ ಅಳೆದು ಹಣ್ಣು ವಿಂಗಡಿಸೋ ಮಷಿನ್ನೇ ಇದೆ, ಅಂದ್ರೆ ತತ್ವ ಸರಿಯಾಗೇ ಇದೆ.

ಎಡವಟ್ಟಾಗೋದು ಎಲ್ಲಿ ಅಂದ್ರೆ, ಸ್ವರ ಬರೀ ಹಣ್ಣಾಗಿರೋದ್ರ ಮೇಲೆ ನಿಂತಿಲ್ಲ, ಗಾತ್ರದ ಮೇಲೂ ನಿಂತಿದೆ. ದೊಡ್ಡ ಡೋಲು ಯಾವಾಗ್ಲೂ ಕೆಳಗಿನ ಸ್ವರ, ಸಣ್ಣ ಡಕ್ಕೆ ಮೇಲಿನ ಸ್ವರ ಅಲ್ವಾ. ಎಂಟು ಕೆಜಿ ಕಾಯಿ, ಎರಡು ಕೆಜಿ ಹಣ್ಣಿಗಿಂತ ಗಂಭೀರವಾಗಿ ಮಾತಾಡತ್ತೆ. ನಾನು ಮಾಡಿದ್ ತಪ್ಪು ಇದೇ, ಗುಡ್ಡೇಲಿ ಸಣ್ಣದು ದೊಡ್ಡದು ಬೆರೆಸಿ ತಟ್ತಾ ಹೋಗಿ ಕೊನೆಗೆ ಅತೀ ದೊಡ್ಡದರ ಡಬ್ ಶಬ್ದಕ್ಕೆ ಮನಸೋತೆ. ತಟ್ಟೋದಾದ್ರೆ ಒಂದೇ ತಳಿ, ಒಂದೇ ಸೈಜಿನ ನಾಲ್ಕು ಹಣ್ಣು ತಗೊಂಡು ಒಂದಕ್ಕೊಂದು ಹೋಲಿಸಿ. ಅದೂ ಗುಡ್ಡೆ ಮೇಲಿಟ್ಟು ಅಲ್ಲ, ಅಂಗೈ ಮೇಲೆ ಎತ್ಕೊಂಡು, ಇನ್ನೊಂದು ಕೈ ಬೆರಳ ಗಿಣ್ಣಿಂದ ಮಧ್ಯಭಾಗಕ್ಕೆ. ಕೆಳಗಿನ ಅಂಗೈಗೆ ಆ ಏಟಿನ ನಡುಕ ಬಂದು ಮುಟ್ಟಿದ್ರೆ ಒಳಗಡೆ ರಸ ತುಂಬಿದೆ ಅಂತ. ನಂಗೀಗ ಕಿವಿಗಿಂತ ಅಂಗೈ ಮೇಲೇ ನಂಬಿಕೆ.

ಇಷ್ಟೆಲ್ಲಾ ಮಾಡಿ ಹಳದಿ ಮಚ್ಚೆ, ಒಳ್ಳೇ ಶಬ್ದ, ಒಳ್ಳೇ ತೂಕ ಇದ್ರೂ ಕೆಲವು ಸಲ ಸಪ್ಪೆ ಬರತ್ತೆ. ಅದು ನಿಮ್ಮ ತಪ್ಪಲ್ಲ. ಹಣ್ಣಾಗಿರೋದು ಬೇರೆ, ಸಿಹಿ ಇರೋದು ಬೇರೆ. ಕೊಯ್ಯೋಕೆ ಮುಂಚಿನ ವಾರ ಜೋರು ಮಳೆ ಬಿದ್ರೆ, ಇಲ್ಲಾ ತೂಕ ಬರ್ಲಿ ಅಂತ ಕೊನೇವರೆಗೂ ನೀರು ಬಿಟ್ರೆ, ಹಣ್ಣು ನೀರು ಕುಡಿದು ಸಕ್ಕರೆ ತೆಳ್ಳಗಾಗತ್ತೆ. ಬೂದಿ ರೋಗ ಬಂದು ಎಲೆ ಒಣಗಿದ್ರೆ ಸಕ್ಕರೆ ಮಾಡೋ ಕಾರ್ಖಾನೆನೇ ಮುಚ್ಚಿದಂಗೆ, ಹಣ್ಣು ದಪ್ಪ ಇರತ್ತೆ, ರುಚಿ ಇರಲ್ಲ. ನಾನಂತೂ ಒಳ್ಳೇ ಬಿಸಿಲಿದ್ದ ವಾರಗಳ ಹಣ್ಣು ಹುಡುಕ್ತೀನಿ, ಯುಗಾದಿ ಆಸುಪಾಸಿಂದು ಚೆನ್ನಾಗಿರತ್ತೆ, ಏಪ್ರಿಲ್ ಕೊನೆಗೆ ಮಳೆ ಶುರು ಆದ್ಮೇಲೆ ಎರಡು ಮನಸ್ಸು. ಸಿಹಿ ಅಳೆಯೋಕೆ ಒಂದು ಸಣ್ಣ ದುರ್ಬೀನಿನಂಥ ಉಪಕರಣ ಇದೆ, ಎರಡು ಹನಿ ರಸ ಗಾಜಿನ ಮೇಲೆ ಬಿಟ್ಟು ಬೆಳಕಿಗೆ ಹಿಡಿದು ನೋಡಿದ್ರೆ ಬೆಳಕು ಎಷ್ಟು ಬಾಗಿದೆ ಅನ್ನೋದ್ರಿಂದ ಸಕ್ಕರೆ ಲೆಕ್ಕ ಸಿಗತ್ತೆ, ಅದಕ್ಕೆ ಬ್ರಿಕ್ಸ್ ಅಂತಾರೆ. ಕಲ್ಲಂಗಡೀಲಿ 10 ದಾಟಿದ್ರೆ ಒಳ್ಳೇ ಹಣ್ಣು, 12 ಬಂದ್ರೆ ಪಾರ್ಟಿ ಮಾಡ್ಬೋದು, 7ಕ್ಕೆ ಇಳಿದ್ರೆ ಬಾಯಾರಿಕೆಗೆ ಮಾತ್ರ. ಅದೂ ಒಂದೇ ಹಣ್ಣಲ್ಲಿ ಎಲ್ಲಾ ಕಡೆ ಒಂದೇ ಇರಲ್ಲ, ನಡುವಿನ ಗುಂಡಿಗೇಲಿ ಜಾಸ್ತಿ, ಸಿಪ್ಪೆ ಹತ್ರ ಕಮ್ಮಿ. ಅಂಗಡಿಯವ್ರು ಮೂರು ಮೂಲೆ ತುಂಡು ಕೊಯ್ದು ತೋರಿಸ್ತಾರಲ್ಲ, ಅದ್ರ ಚೂಪು ತುದಿ ನಡುವಿಂದ ಬಂದಿರತ್ತೆ, ಅದನ್ನೇ ತಿನ್ನೋಕೆ ಕೊಡ್ತಾರೆ, ಜಾಣರು.

ಗಂಡು ಕಲ್ಲಂಗಡಿ, ಹೆಣ್ಣು ಕಲ್ಲಂಗಡಿ ಅಂತ ಒಂದು ವಿಡಿಯೋ ಪ್ರತೀ ಬೇಸಿಗೆಲೂ ಫ್ಯಾಮಿಲಿ ಗ್ರೂಪಿಗೆ ಬರತ್ತೆ. ಉದ್ದ ಇದ್ರೆ ಗಂಡು ನೀರು ಜಾಸ್ತಿ, ಗುಂಡಗಿದ್ರೆ ಹೆಣ್ಣು ಸಿಹಿ ಜಾಸ್ತಿ ಅಂತೆ. ಗಂಡು ಹೆಣ್ಣು ಇರೋದು ಹೂವಲ್ಲಿ, ಗಂಡು ಹೂ ಉದುರಿ ಹೋಗತ್ತೆ, ಹಣ್ಣಾಗೋದೆಲ್ಲಾ ಹೆಣ್ಣು ಹೂವಿಂದಾನೇ. ಉದ್ದ ಗುಂಡು ಎಲ್ಲಾ ತಳಿ ಮೇಲೆ ಹೋಗತ್ತೆ. ಇನ್ನೊಂದು, ಸಿಪ್ಪೆ ಮೇಲೆ ಕಂದು ಬಣ್ಣದ ಬಲೆ ಥರ ಗೆರೆ ಇದ್ರೆ ಜೇನುನೊಣ ಜಾಸ್ತಿ ಮುಟ್ಟಿದೆ ಅಂತಾರೆ. ಜೇನು ಮುಟ್ಟೋದು ಹೂವನ್ನ, ಕಾಯನ್ನ ಬಂದು ಕೆರೆಯಲ್ಲ.

ಆದ್ರೆ ಇವೆರಡೂ ಯಾರಿಗೂ ನಷ್ಟ ಮಾಡಲ್ಲ. ನಷ್ಟ ಮಾಡೋದು ಇಂಜೆಕ್ಷನ್ ಕಥೆ. ಕೆಂಪು ಬಣ್ಣ, ಸಕ್ಕರೆ ನೀರು ಸಿರಿಂಜಲ್ಲಿ ಚುಚ್ತಾರೆ ಅಂತ. ಒಂದ್ಸಲ ನೀವೇ ಚುಚ್ಚಿ ನೋಡಿ, ದ್ರವ ಸೂಜಿ ಹೋದ ದಾರೀಲೇ ನಿಲ್ಲತ್ತೆ, ಐದು ಕೆಜಿ ತಿರುಳಲ್ಲಿ ಒಂದೇ ಸಮ ಹರಡೋಕೆ ಸಾಧ್ಯನೇ ಇಲ್ಲ, ಚುಚ್ಚಿದ ತೂತಿಂದ ಗಾಳಿ ಹೋಗಿ ಎರಡು ದಿನಕ್ಕೆ ಕೊಳೆಯತ್ತೆ, ಮಾರೋನಿಗೇ ನಷ್ಟ. ಹತ್ತಿ ಉಜ್ಜಿದ್ರೆ ಸ್ವಲ್ಪ ಗುಲಾಬಿ ಆಗೋದು ಸಹಜ, ಹಣ್ಣಿನ ರಸ, ತಿರುಳಿನ ಸಣ್ಣ ಚೂರು ಅಂಟ್ಕೊಳ್ಳತ್ತೆ, ಲಿಪ್‌ಸ್ಟಿಕ್ ಥರ ಗಾಢವಾಗಿ ಹತ್ತಿದ್ರೆ ಆಗ ಯೋಚನೆ ಮಾಡಿ. 2025ರ ಬೇಸಿಗೇಲಿ ತಮಿಳುನಾಡಲ್ಲಿ ಇದೇ ಥರದ ಮಾತು ಹಬ್ಬಿ ಜನ ಕಲ್ಲಂಗಡಿ ಕೊಳ್ಳೋದೇ ಬಿಟ್ಟು, ಬೆಲೆ ಬಿದ್ದು, ಸೀಸನ್ ಮಧ್ಯದಲ್ಲಿ ರೈತರು ಬೀದಿಗೆ ಬಂದಿದ್ರು. ಫಾರ್ವರ್ಡ್ ಒತ್ತೋಕೆ ಒಂದು ಸೆಕೆಂಡು, ಹೊಲ ಬೆಳೆಯೋಕೆ ಮೂರು ತಿಂಗಳು. ಅದೇ ಥರ ಕಾರ್ಬೈಡ್ ಹಾಕಿ ಕಲ್ಲಂಗಡಿ ಹಣ್ಣು ಮಾಡ್ತಾರೆ ಅನ್ನೋದೂ. ಮಾವಿಗೆ ಕಾರ್ಬೈಡಿಂದ ಬರೋ ಗ್ಯಾಸ್ ಕೆಲಸ ಮಾಡತ್ತೆ, ಕಲ್ಲಂಗಡಿ ಅದಕ್ಕೆ ಹಣ್ಣಾಗಲ್ಲ, ಪಿಷ್ಟನೇ ಇಲ್ಲ ಅಂತ ಮೇಲೇ ಹೇಳಿದ್ನಲ್ಲ.

ಕೊಯ್ದಾಗ ನಡುವೆ ಸೀಳು ಬಿಟ್ಟು ಟೊಳ್ಳಿದ್ರೆ ಗಾಬರಿ ಬೇಡ. ಪರಾಗ ಕಮ್ಮಿ ಬಿದ್ದಾಗ, ಹವಾ ಏರುಪೇರಾದಾಗ ಹಂಗಾಗತ್ತೆ, ತಿನ್ನೋಕೆ ಏನೂ ತೊಂದ್ರೆ ಇಲ್ಲ, ಆ ಸೀಳಿನ ಅಂಚು ಎಷ್ಟೋ ಸಲ ಜಾಸ್ತಿ ಸಿಹಿ ಇರತ್ತೆ. ನೊರೆ ಬರ್ತಿದ್ರೆ, ಹುಳಿ ವಾಸನೆ ಬಂದ್ರೆ ಮಾತ್ರ ಬೀದಿ ಹಸುಗೂ ಹಾಕ್ಬೇಡಿ, ಎಸೀರಿ. ಬೀಜ ಇಲ್ಲದ ಹಣ್ಣಲ್ಲಿ ಮೆತ್ತನೇ ಬಿಳಿ ಸಿಪ್ಪೆ ಥರದ ಬೀಜ ಕಂಡ್ರೆ ಅದು ಕಾಯಿ ಅಂತಲ್ಲ, ಅದ್ರ ಹುಟ್ಟೇ ಹಂಗೆ. ಜಪಾನಿನ ಹಿತೋಶಿ ಕಿಹಾರಾ ಅನ್ನೋ ವಿಜ್ಞಾನಿ 1951ರಲ್ಲಿ ಲೋಕಕ್ಕೆ ತೋರಿಸಿದ ವಿದ್ಯೆ ಅದು, ನಾಲ್ಕು ಸೆಟ್ ವರ್ಣತಂತು ಇರೋ ತಾಯಿಗೂ ಎರಡು ಸೆಟ್ ಇರೋ ತಂದೆಗೂ ಹುಟ್ಟಿದ, ಕುದುರೆ ಕತ್ತೆಗೆ ಹುಟ್ಟಿದ ಹೇಸರಗತ್ತೆ ಥರ ಸಂತಾನ ಇಲ್ಲದ್ದು. ಜಪಾನ್ ಅಂದ್ಮೇಲೆ ನೆನಪಾಯ್ತು, ಅಲ್ಲಿ ಜೆಂಟ್ಸುಜಿ ಅನ್ನೋ ಊರಲ್ಲಿ ಡಬ್ಬಿ ಒಳಗೆ ಬೆಳೆಸೋ ಚೌಕಾಕಾರದ ಕಲ್ಲಂಗಡಿ ಫೋಟೋ ನೋಡಿರ್ತೀರಲ್ಲ, ಸಾವಿರಾರು ರೂಪಾಯಿಂದು, ಅದನ್ನ ಕಾಯಲ್ಲೇ ಕಿತ್ತು ಶೋಕೇಸಲ್ಲಿ ಇಡೋದು, ತಿನ್ನೋಕಾಗಲ್ಲ. ನಮ್ಮನೇದಾದ್ರೂ ಸಾಂಬಾರಿಗಾಯ್ತು.

ಈಗ ಕರಬೂಜ. ಮೇಲೆ ಹೇಳಿದ್ದರಲ್ಲಿ ಅರ್ಧ ಇಲ್ಲಿ ಮರೆತುಬಿಡಿ. ಇದನ್ನ ತಟ್ಟಿ ಪ್ರಯೋಜನ ಇಲ್ಲ, ಒಳಗಡೆ ಬೀಜದ ಗೂಡು ಟೊಳ್ಳು, ಎಲ್ಲಾ ಒಂದೇ ಥರ ಕೇಳಿಸತ್ತೆ. ಕರಬೂಜಕ್ಕೆ ಬೇಕಾಗಿರೋದು ಮೂಗು. ಸಕ್ಕರೆ ವಿಷ್ಯದಲ್ಲಿ ಇದೂ ಕಲ್ಲಂಗಡಿ ಥರಾನೇ, ಕಿತ್ತ ಮೇಲೆ ಏರಲ್ಲ, ಆದ್ರೆ ಘಮ ಮತ್ತೆ ಮೆದು ಕಿತ್ತ ಮೇಲೂ ಬರತ್ತೆ, ಯಾಕಂದ್ರೆ ಇದು ಹಣ್ಣು ಮಾಡೋ ಎಥಿಲೀನ್ ಗ್ಯಾಸನ್ನ ತಾನೇ ಬಿಡೋ ಜಾತಿ. ಈ ಅರ್ಧಂಬರ್ಧ ಸ್ವಭಾವದಿಂದಾನೇ ಜನ ಮೋಸ ಹೋಗೋದು. ಕಾಯಿ ತಂದು ಮನೇಲಿಟ್ರೆ ಮೂರು ದಿನಕ್ಕೆ ಮೆತ್ತಗಾಗತ್ತೆ, ವಾಸನೆನೂ ಬರತ್ತೆ, ಕೊಯ್ದು ಬಾಯಿಗಿಟ್ರೆ ಸೌತೆಕಾಯಿ.

ಮೊದ್ಲು ತೊಟ್ಟಿನ ಜಾಗ ನೋಡಿ. ಬಲೆ ಬಲೆ ಸಿಪ್ಪೆಯ ಕರಬೂಜ ಬಳ್ಳೀಲಿ ಪೂರ್ತಿ ಹಣ್ಣಾದಾಗ ತೊಟ್ಟಿನ ಬುಡದಲ್ಲಿ ತಾನೇ ಬಿರುಕು ಬಿಟ್ಟು ಕಳಚ್ಕೊಳ್ಳತ್ತೆ, ಹಲ್ಲು ಬಿದ್ದ ಮಗುವಿನ ವಸಡಿನ ಥರ ನುಣ್ಣಗೆ ದುಂಡಗೆ ಒಂದು ಗುಳಿ ಉಳಿಯತ್ತೆ. ಆ ಗುಳಿ ಇದ್ರೆ ಬಳ್ಳೀಲೇ ಹಣ್ಣಾಗಿದ್ದು, ಸಕ್ಕರೆ ಪೂರ್ತಿ ಬಂದಿದೆ. ಚಾಕು ಹಾಕಿ ಕತ್ತರಿಸಿದ ತೊಟ್ಟಿನ ತುಂಡು ಅಂಟ್ಕೊಂಡಿದ್ರೆ, ಇಲ್ಲಾ ಸಿಪ್ಪೆ ಸಮೇತ ಹರಿದು ಬಂದಿದ್ರೆ, ಬೇಗ ಕಿತ್ತಿದ್ದು. ಇದೊಂದು ಗುರುತು ನಂಗೆ ಯಾವ ಅಂಗಡಿಯವ್ರೂ ಹೇಳ್ಕೊಟ್ಟಿರ್ಲಿಲ್ಲ.

ಆಮೇಲೆ ಬಲೆ ಹಿಂದಿನ ಬಣ್ಣ ನೋಡಿ, ಬಲೆ ಅಲ್ಲ, ಬಲೆ ಕಣ್ಣುಗಳ ನಡುವೆ ಇಣುಕೋ ಸಿಪ್ಪೆ. ಹಸಿರು ಇದ್ರೆ ಕಾಯಿ, ಕೆನೆ ಇಲ್ಲಾ ಹೊಂಬಣ್ಣಕ್ಕೆ ತಿರುಗಿದ್ರೆ ಹಣ್ಣು. ಬಲೆ ಉಬ್ಬಿ ಬೆರಳಿಗೆ ಒರಟಾಗಿ ಸಿಗ್ಬೇಕು. ನಂತ್ರ ತೊಟ್ಟಿನ ಎದುರು ತುದಿ, ಹೂ ಉದುರಿದ ಮೂತಿ, ಅಲ್ಲಿ ಮೂಗಿಟ್ಟು ಒಂದುಸಲ ಎಳ್ಕೊಳ್ಳಿ. ತಿಂದ್ರೆ ಹೆಂಗಿರತ್ತೋ ಆ ಘಮ ಅಲ್ಲಿ ಸಣ್ಣಗೆ ಬಂದಿರ್ಬೇಕು. ಏನೂ ವಾಸನೆ ಇಲ್ಲ ಅಂದ್ರೆ ಬೇಡ, ಹೆಂಡದ ವಾಸನೆ ಬಂದ್ರೂ ಬೇಡ. ಅದೇ ಮೂತೀನ ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿದ್ರೆ ಒಂಚೂರು ಬಗ್ಗಬೇಕು, ಗುಳಿ ಬೀಳ್ಬಾರ್ದು. ಮೆಲ್ಲಗೆ ಅಂದೆ ನೋಡಿ, ಎಲ್ರೂ ಒತ್ತಿ ಒತ್ತಿನೇ ಅರ್ಧ ಹಣ್ಣು ಅಲ್ಲೇ ಕೊಳೆಯೋದು. ಮಾಲ್ ಕೆಳಗಿನ ಸೂಪರ್ ಮಾರ್ಕೆಟ್ಟಲ್ಲಿ ಏಸಿ ರ‍್ಯಾಕಲ್ಲಿಟ್ಟಿದ್ರೆ ತಣ್ಣಗಿರೋ ಹಣ್ಣು ವಾಸನೆ ಬಿಡಲ್ಲ, ಅಲ್ಲಿ ತೊಟ್ಟಿನ ಗುಳಿ ಮತ್ತೆ ಬಣ್ಣನೇ ಗತಿ.

ನುಣ್ಣನೇ ಸಿಪ್ಪೆಯ ಜಾತಿಗಳು ಬೇರೆ ಲೆಕ್ಕ. ಹನಿಡ್ಯೂ ಅಂತ ತಿಳಿಹಸಿರು ಬಿಳಿದು ಬರತ್ತಲ್ಲ, ಅದು ತಾನೇ ಕಳಚ್ಕೊಳ್ಳಲ್ಲ, ಕತ್ತರಿಸ್ಲೇಬೇಕು, ವಾಸನೆನೂ ಕಮ್ಮಿ. ಅದ್ರ ಮೈ ಸವರಿ ನೋಡಿ, ಗಾಜಿನಂಗೆ ಜಾರಿದ್ರೆ ಕಾಯಿ, ಸಣ್ಣಗೆ ಮೇಣ ಹಚ್ಚಿದಂಗೆ ಅಂಟಂಟಾಗಿದ್ರೆ ಹಣ್ಣು, ಬಣ್ಣನೂ ಹಸಿರಿಂದ ಕೆನೆಗೆ ಬಂದಿರತ್ತೆ. ನಮ್ಮೂರ ಕಡೆ ಮಿಣಿಕೆ ಹಣ್ಣು, ಕರಾವಳಿಯವ್ರ ಇಬ್ಬುಡ್ಲ, ಇವು ಹಣ್ಣಾದ್ರೆ ತಾವೇ ಬಿರಿದು ಹೇಳ್ತವೆ, ಆರಿಸೋ ತಾಪತ್ರಯ ಇಲ್ಲ. ಅವು ಸಕ್ಕರೆಗೆ ಹೆಸರಾದ ಹಣ್ಣಲ್ಲ, ಬೆಲ್ಲ ಕಾಯಿಹಾಲು ಹಾಕಿ ರಸಾಯನ ಮಾಡೋಕೆ ಇರೋದು. ನೋಡಿ ಇಲ್ಲೇ ನಮ್ಮ ಅಜ್ಜಿಯಂದ್ರ ಬುದ್ಧಿವಂತಿಕೆ ಇರೋದು, ರಾಮನವಮಿ ದಿನ ಕರಬೂಜದ ಪಾನಕಕ್ಕೆ ಬೆಲ್ಲ ಏಲಕ್ಕಿ ಹಾಕ್ತಿದ್ರಲ್ಲ, ಹಣ್ಣು ಸಪ್ಪೆ ಬಂದ್ರೂ ಪಾನಕ ಕೆಡಲ್ಲ.

ಮನೆಗೆ ತಂದ್ಮೇಲೆ ಎರಡು ಮಾತು. ಕಲ್ಲಂಗಡಿನ ಬಾಳೆಹಣ್ಣು, ಮಾವಿನಹಣ್ಣು ಪಕ್ಕ ಇಡ್ಬೇಡಿ, ಅವು ಬಿಡೋ ಎಥಿಲೀನ್‌ಗೆ ಕಲ್ಲಂಗಡಿ ತಿರುಳು ಹಿಟ್ಟು ಹಿಟ್ಟಾಗಿ ಮೆತ್ತಗಾಗತ್ತೆ. ಕರಬೂಜ ಘಮ ಬರ್ಬೇಕಿದ್ರೆ ಉಲ್ಟಾ, ಒಂದು ದಿನ ಬಾಳೆಹಣ್ಣಿನ ಜೊತೆ ಪೇಪರ್ ಕವರಲ್ಲಿ ಇಡ್ಬೋದು. ಎರಡನೇದು, ಕೊಯ್ಯೋಕೆ ಮುಂಚೆ ಹೊರಗಡೆ ತೊಳೀರಿ, ಕರಬೂಜ ಆದ್ರೆ ಬ್ರಷ್ ಹಾಕಿ ಉಜ್ಜಿ. ಸಿಪ್ಪೆ ತಿನ್ನಲ್ಲ ಯಾಕೆ ತೊಳೀಬೇಕು ಅಂತಾರೆ, ಆದ್ರೆ ಚಾಕು ಸಿಪ್ಪೆ ಮೇಲಿಂದಾನೇ ಒಳಗೆ ಹೋಗೋದು, ಆ ಬಲೆ ಸಂದೀಲಿ ಮಣ್ಣು ಕೂತಿರತ್ತೆ, ಮತ್ತೆ ಈ ಹಣ್ಣುಗಳಲ್ಲಿ ಹುಳಿ ಅಂಶ ಕಮ್ಮಿ ಇರೋದ್ರಿಂದ ಬ್ಯಾಕ್ಟೀರಿಯಾ ಬೆಳೆಯೋಕೆ ಯಾವ ಅಡ್ಡಿನೂ ಇಲ್ಲ. 2011ರಲ್ಲಿ ಅಮೆರಿಕದ ಕೊಲರಾಡೋ ಕಡೆಯಿಂದ ಹೋದ ಕರಬೂಜಗಳಲ್ಲಿ ಲಿಸ್ಟೀರಿಯಾ ಅನ್ನೋ ಬ್ಯಾಕ್ಟೀರಿಯಾ ಸೇರ್ಕೊಂಡು 30ಕ್ಕೂ ಜಾಸ್ತಿ ಜನ ಸತ್ತಿದ್ರು. ಬಸ್ ಸ್ಟಾಂಡ್ ಹತ್ರ ಬೆಳಗ್ಗೆ ಕೊಯ್ದು ಪ್ಲೇಟಲ್ಲಿಟ್ಟು ನೊಣ ಓಡಿಸ್ತಾ ಮಾರ್ತಾರಲ್ಲ, ಅದನ್ನ ಕಣ್ಮುಂದೆ ಕೊಯ್ದು ಕೊಟ್ರೆ ಮಾತ್ರ ತಿನ್ನಿ. ಮತ್ತೆ ಯಾವುದೇ ಕರಬೂಜ ಕಹಿ ಬಂದ್ರೆ ಉಗಿದುಬಿಡಿ, ಕಹಿ ಸೋರೆಕಾಯಿ ಜ್ಯೂಸ್ ಕುಡಿದು ಆಸ್ಪತ್ರೆ ಸೇರಿದವರ ಸುದ್ದಿ ಓದಿರ್ತೀರಿ, ಒಂದೇ ಕುಟುಂಬದ ಗಿಡಗಳು ಇವು.

ಸಿಪ್ಪೆ ಎಸೀಬೇಡಿ. ಒಳಗಿನ ಬಿಳಿ ಭಾಗಾನ ಹೆಚ್ಚಿ ನೆನೆಸಿದ ಅಕ್ಕಿ ಜೊತೆ ರುಬ್ಬಿ ಮಂಗಳೂರು ಕಡೆಯವ್ರು ಬಚ್ಚಂಗಾಯಿ ದೋಸೆ ಮಾಡ್ತಾರೆ, ಕಲ್ಲಂಗಡಿಗೆ ಅವರ ಹೆಸರು ಅದು, ನೀರುದೋಸೆಗಿಂತ ಒಂಚೂರು ಮೆತ್ತಗೆ ಬರತ್ತೆ, ಬೆಲ್ಲ ತುಪ್ಪದ ಜೊತೆ ಸಖತ್ತಾಗಿರತ್ತೆ.

ಈ ವರ್ಷ ಅದೇ ಟಾರ್ಪಾಲ್ ಹತ್ರ ಹೋಗಿದ್ದೆ. ಒಂದೇ ಸೈಜಿಂದು ಆರು ಹಣ್ಣು ಆರಿಸಿ, ಒಂದೊಂದಾಗಿ ಮಗುಚಿ, ಮಚ್ಚೆ ಮೇಲೆ ಬರೋ ಥರ ಸಾಲಾಗಿ ಜೋಡಿಸಿ, ದೂರ ನಿಂತು ಬಣ್ಣ ಹೋಲಿಸಿ, ಅತೀ ಹಳದಿ ಇದ್ದ ಎರಡನ್ನ ಎತ್ತಿ ಅಂಗೈ ಮೇಲೆ ತಟ್ಟಿ, ಒಂದು ತಗೊಂಡೆ. ನಾಲ್ಕೂವರೆ ಕೆಜಿ. ಅಂಗಡಿ ಹುಡುಗ ತಕ್ಕಡಿ ಹತ್ರ ನಿಂತು ಪೂರ್ತಿ ನೋಡ್ತಿದ್ದ, ದುಡ್ಡು ಇಸ್ಕೊಂಡು ಚಿಲ್ರೆ ಕೊಡ್ತಾ ಕೇಳ್ದ, "ಸಾರ್, ಮಿಕ್ಕಿದ್ದ ಐದನ್ನ ಮಚ್ಚೆ ಕೆಳಗೆ ಬರೋ ಥರ ತಿರುಗಿಸಿ ಇಟ್ಟು ಹೋಗ್ತೀರಾ, ಹಿಂಗಿಟ್ರೆ ಯಾರೂ ತಗೊಳ್ಳಲ್ಲ."